ಕುರ್ಚಿಯಿಂದ ಏಳುವುದನ್ನು ಮತ್ತೆ ಕಲಿತೆ: ಲಕ್ವದ ನಂತರದ ನನ್ನ ಅನುಭವ

ಹೊಡೆತ ಬಿದ್ದದ್ದು ಮಿದುಳಿನ ಬಲಭಾಗಕ್ಕೆ, ಹಾಗಾಗಿ ಸೋತದ್ದು ಎಡಗೈ, ಎಡಗಾಲು. ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾಲಿನಲ್ಲಿ ಅಷ್ಟಿಷ್ಟು ಶಕ್ತಿ ಇತ್ತು, ಕೈ ಮಾತ್ರ ಪೂರಾ ಜೋತುಬಿದ್ದಿತ್ತು. ಮೂರನೇ ವಾರ ಒಂದು ಬೆಳಿಗ್ಗೆ ಆಕಳಿಸಿದೆ. ಆ ಕೈ ತಾನಾಗಿಯೇ ಮಡಚಿಕೊಂಡು ಎದೆಯ ತನಕ ಎದ್ದಿತು! ಗುಣವಾಯಿತೆಂದು ಮಗನನ್ನು ಕೂಗಿ ಕರೆದೆ. ಅವನು ಬರುವಷ್ಟರಲ್ಲಿ ಕೈ ಕೆಳಗೆ ಬಿದ್ದಿತ್ತು, ಆಮೇಲೆ ಎಷ್ಟು ಹೆಣಗಿದರೂ ಅಲ್ಲಾಡಲಿಲ್ಲ. ಲಕ್ವವಾದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಆಕಳಿಕೆಯ ದಾರಿಯೇ ಬೇರೆ, ನಾವು ಮನಸ್ಸು ಮಾಡಿ ಕೈ ಎತ್ತುವ ದಾರಿಯೇ ಬೇರೆ ಎಂದು ಫಿಸಿಯೋಥೆರಪಿಸ್ಟ್ ತಿಳಿಸಿ ಹೇಳಿದರು. ಆ ದಿನ ಬಹಳ ಅತ್ತೆ.

ಅತ್ತು ಮುಗಿದ ಮೇಲೆ ಹಟ ಹಿಡಿದೆ. ಯಾರೋ ತಂದುಕೊಟ್ಟ ಮೆತ್ತನೆಯ ಚೆಂಡನ್ನು ಎಡಗೈಯಲ್ಲಿಟ್ಟು ದಿನವಿಡೀ ಒತ್ತಿದೆ. ಎರಡು ವಾರದಲ್ಲಿ ಬೆರಳುಗಳಿಗೆ ಬಲ ಬಂತು, ಆದರೆ ಮುಷ್ಟಿ ಬಿಚ್ಚಲು ಬಲಗೈಯ ಸಹಾಯ ಬೇಕಾಯಿತು. ಮಡಚುವ ಸ್ನಾಯುಗಳು ಮೊದಲೇ ಬಿಗಿಯುತ್ತಿದ್ದವು, ನಾನು ಅವಕ್ಕೇ ಇನ್ನಷ್ಟು ಕೆಲಸ ಕೊಟ್ಟಿದ್ದೆ. ಫಿಸಿಯೋಥೆರಪಿಸ್ಟ್ ಚೆಂಡು ತೆಗೆದಿಟ್ಟು ಹೇಳಿದ ಮಾತೇ ಮುಂದೆ ನನಗೆ ಅಳತೆಗೋಲಾಯಿತು: "ಯಾವ ವ್ಯಾಯಾಮ ಮಾಡುವಾಗಲೂ ಎಡಗೈ ಕಡೆ ಒಂದು ಕಣ್ಣಿಡಿ. ಅದು ಮಡಚಿಕೊಂಡು ಮೇಲೇರುತ್ತಿದೆ ಅಂದರೆ ನೀವು ಜಾಸ್ತಿ ಜೋರು ಮಾಡ್ತಿದ್ದೀರಿ ಅಂತ ಅರ್ಥ."

ಹೆಚ್ಚು ಮಾಡಿದಷ್ಟೂ ಬೇಗ ಗುಣ ಎಂಬ ನಂಬಿಕೆ ಮನೆಯವರಿಗೂ ಇತ್ತು. ಅಭ್ಯಾಸ ಪದೇ ಪದೇ ಆಗಬೇಕು, ಅದು ನಿಜ. ಆದರೆ ಅದಕ್ಕೊಂದು ಹದವಿದೆ. 2015ರಲ್ಲಿ ಪ್ರಕಟವಾದ, 2,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ, ಲಕ್ವವಾದ 24 ಗಂಟೆಯೊಳಗೇ ಶುರುಮಾಡಿ ಪದೇ ಪದೇ ಎಬ್ಬಿಸಿ ಓಡಾಡಿಸಿದವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರು, ಮಾಮೂಲಿ ಆರೈಕೆ ಪಡೆದವರಿಗಿಂತ ಕಡಿಮೆ ಇದ್ದರು.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಕುರ್ಚಿಯಿಂದ ಏಳುವುದು, ಕೂರುವುದು. ಇಷ್ಟೇನಾ ಅನ್ನಿಸಬಹುದು. ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡುತ್ತಿದ್ದೆವು. ಸೀಟಿನ ಅಂಚಿಗೆ ಸರಿದು, ಹಿಮ್ಮಡಿಗಳನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವ ತನಕ ಮುಂದೆ ಬಾಗಬೇಕು. ಆಗ ಸೊಂಟ ಹಗುರಾಗಿ ಮೇಲೇಳುತ್ತದೆ. ಮೊದಮೊದಲು ನಾನು ಏಳುತ್ತಿದ್ದದ್ದು ಬರೀ ಬಲಗಾಲಿನ ಮೇಲೆ. ಎಡಗಾಲನ್ನು ಬಲಗಾಲಿಗಿಂತ ತುಸು ಹಿಂದೆ ಇಡಿಸಿದರು, ಭಾರ ಅದರ ಮೇಲೂ ಬೀಳಲೇಬೇಕಾಯಿತು. ಕೂರುವಾಗ ದೊಪ್ಪನೆ ಬೀಳದೆ ನಾಲ್ಕು ಎಣಿಸುತ್ತಾ ಇಳಿಯುವುದು ಇನ್ನೂ ಕಷ್ಟ, ಆದರೆ ಕಾಲಿಗೆ ಹಿಡಿತ ಬಂದದ್ದು ಅದರಿಂದಲೇ. ಗಟ್ಟಿಯಾಗಿ ಎಣಿಸಬೇಕು. ಉಸಿರು ಕಟ್ಟಿ ಮುಕ್ಕಿದರೆ ರಕ್ತದೊತ್ತಡ ಏರುತ್ತದೆ, ಬಾಯಿಬಿಟ್ಟು ಎಣಿಸುವಾಗ ಉಸಿರು ಕಟ್ಟಲು ಆಗುವುದಿಲ್ಲ. ಐದು ಸಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೈದು ಸಲ. ಮಗ ಎಡಗಡೆಯೇ ನಿಲ್ಲುತ್ತಿದ್ದ, ಬೀಳುವುದಾದರೆ ಆ ಕಡೆಗೇ ತಾನೆ.

ಅವನಿಂದ ಒಂದು ತಪ್ಪಾಯಿತು, ಪಾಪ, ಗೊತ್ತಿಲ್ಲದೆ. ಶುರುವಿನಲ್ಲಿ ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತುತ್ತಿದ್ದ. ಸ್ನಾಯುಗಳು ಸಡಿಲವಾದ ಭುಜದ ಕೀಲು ಅದನ್ನು ತಾಳುವುದಿಲ್ಲ. ಎರಡು ತಿಂಗಳು ಭುಜದ ನೋವಿನಿಂದ ನಿದ್ದೆಯಿಲ್ಲ. ಆಮೇಲೆ ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ ಅದನ್ನೇ ಹಿಡಿದುಕೊಳ್ಳತೊಡಗಿದ. ಕೂತಾಗ, ಮಲಗಿದಾಗ ಎಡಗೈ ಕೆಳಗೆ ದಿಂಬು. ಸೋತ ಕೈಯನ್ನು ಹಿಡಿದು ಯಾರೂ ಎಳೆಯಬಾರದು, ತಲೆ ಮೇಲಿನ ರಾಟೆಗೆ ಹಗ್ಗ ಹಾಕಿ ಮೇಲೆ ಜಗ್ಗುವ ವ್ಯಾಯಾಮವೂ ಬೇಡ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಕೈಗೆ ಮಾಡಿದ್ದು ಮೇಜು ಒರೆಸುವ ಕೆಲಸ. ಮಡಚಿದ ಟವೆಲ್ ಮೇಲೆ ಎಡಗೈ, ಅದರ ಮೇಲೆ ಬಲಗೈ ಇಟ್ಟು, ಸೊಂಟದಿಂದ ಬಾಗುತ್ತಾ ನಿಧಾನಕ್ಕೆ ಮುಂದೆ ಜಾರಿಸಿ ಹಿಂದೆ ತರುವುದು. ಕೈಯ ಭಾರವನ್ನು ಮೇಜು ಹೊರುವುದರಿಂದ ಭುಜಕ್ಕೆ ತ್ರಾಸವಿಲ್ಲ, ಮೊಣಕೈ ನೀಳವಾಗುತ್ತದೆ, ಬೆರಳು ತಾವಾಗಿ ಸಡಿಲವಾಗುತ್ತವೆ. ಬಳಿಕ ಹದಿನೈದು ನಿಮಿಷ ಕನ್ನಡಿ. ಎದೆಯ ಮುಂದೆ ಎರಡೂ ಕೈಗಳ ನಡುವೆ, ಬಲಗೈ ಕಡೆಗೆ ಮುಖಮಾಡಿ ಕನ್ನಡಿ ನಿಲ್ಲಿಸಿ ಎಡಗೈಯನ್ನು ಅದರ ಹಿಂದೆ ಮರೆಮಾಡಿ, ಬಲಗೈ ಬಿಚ್ಚಿ ಮುಚ್ಚುವಾಗ ಕನ್ನಡಿಯಲ್ಲಿ ಎಡಗೈಯೇ ಆಡುತ್ತಿರುವಂತೆ ಕಾಣುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಕೈ ಕಳೆದುಕೊಂಡವರ ನೋವಿಗೆಂದು ಪ್ರಯೋಗಿಸಿದ ವಿಧಾನ ಇದು. ಮೊದಲ ತಿಂಗಳು ಏನೂ ಆಗಲಿಲ್ಲ, ಆದರೂ ಬಿಡಲಿಲ್ಲ.

ಲಕ್ವದ ನಂತರದ ದಣಿವು ಸೋಮಾರಿತನವಲ್ಲ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಮಲಗಿದ ದಿನಗಳಿವೆ. ತಲೆ ಸುತ್ತಿದರೆ, ಎದೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮುಖ ಹೊಸದಾಗಿ ಸೊಟ್ಟಗಾದರೆ, ಮಾತು ತೊದಲಿದರೆ, ಇದ್ದ ಶಕ್ತಿ ಹಠಾತ್ತನೆ ಇಳಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈಗ ಹದಿನಾಲ್ಕನೇ ತಿಂಗಳು. ಒಬ್ಬಳೇ ಕುರ್ಚಿಯಿಂದ ಏಳುತ್ತೇನೆ, ಕೋಲು ಹಿಡಿದು ಮನೆಯೊಳಗೆ ಓಡಾಡುತ್ತೇನೆ. ಎಡಗೈಯಲ್ಲಿ ಲೋಟ ಹಿಡಿಯುವುದು ಎಂದೋ ಬಂದಿತ್ತು. ಹಿಡಿದದ್ದನ್ನು ಮೇಜಿನ ಮೇಲಿಟ್ಟು ಬೆರಳು ಬಿಡಿಸಿಕೊಳ್ಳುವುದು ಬಂದದ್ದು ಹೋದ ತಿಂಗಳು.