ಸಾವ್ಕಾರ ಕರಗಬಾರದು: ಹೆಣ್ಣಾಳಿನ ಕೂಲಿ ಕುರಿತು ಫೋರಂ ನಾಟಕ ಆಡಿಸುವ ಬಗೆ

ನೋಡಲು ಬಂದವರೇ ಎದ್ದು ಬಂದು ಪಾತ್ರ ಮಾಡಬೇಕು, ಇಲ್ಲದಿದ್ದರೆ ಅದು ಫೋರಂ ನಾಟಕವಲ್ಲ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಆಲ್ 1970ರ ದಶಕದಲ್ಲಿ ಕಟ್ಟಿದ ಈ ಪದ್ಧತಿಯನ್ನು ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೊಲಕ್ಕೆ ತರುವುದು ಕಷ್ಟವಲ್ಲ. ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬ ಸಂಗತಿ ಎಲ್ಲರಿಗೂ ಗೊತ್ತಿರುವುದೇ.

15ರಿಂದ 20 ಮಂದಿ ಸಾಕು. ಹೆಚ್ಚಾದರೆ ಹಿಂದಿನವರು ಹರಟೆಗೆ ಇಳಿಯುತ್ತಾರೆ. ಕಾಯಿ ಬಿಡಿಸುವ ಹಂಗಾಮಿನಲ್ಲಿ ಹಗಲು ಯಾರೂ ಸಿಗುವುದಿಲ್ಲ, ಊಟ ಮುಗಿದ ಮೇಲೆ ರಾತ್ರಿ ಎಂಟಕ್ಕೆ ಸೇರಿಸಿ. ಬೆಳಕಿದೆ ಎಂದು ಗುಡಿ ಕಟ್ಟೆಗೆ ಕರೆಯಬೇಡಿ. ಎಲ್ಲ ಕೇರಿಯವರೂ ಸಲೀಸಾಗಿ ಹತ್ತದ ಕಟ್ಟೆಯಲ್ಲಿ ಅರ್ಧ ಜನ ಕೆಳಗೇ ನಿಲ್ಲುತ್ತಾರೆ. ಶಾಲೆಯ ಅಂಗಳ ಮೇಲು.

ಮೊದಲು ಅಂಗೈ ಆಟ. ಇಬ್ಬರಲ್ಲಿ ಒಬ್ಬರು ಅಂಗೈಯನ್ನು ಇನ್ನೊಬ್ಬರ ಮುಖದಿಂದ ಒಂದು ಗೇಣು ದೂರ ಹಿಡಿದು ನಿಧಾನವಾಗಿ ಆಡಿಸಬೇಕು. ಎದುರಿನ ಮುಖ ಆ ಗೇಣು ಕಾಯ್ದುಕೊಂಡೇ ಹಿಂಬಾಲಿಸಬೇಕು. 3 ನಿಮಿಷವಾದ ಮೇಲೆ ಅದಲು ಬದಲು. ಕೈ ಬೀಸಿ ಆಡಿಸಿದರೆ ನಗೆಪಾಟಲಾಗುತ್ತದೆ. ದಿನವಿಡೀ ಬಗ್ಗಿ ಬಂದವರ ಸೊಂಟ ನೆನಪಿರಲಿ, ಅಂಗೈ ಎದೆಮಟ್ಟಕ್ಕಿಂತ ಕೆಳಗಿಳಿಯಬಾರದು. ಅತ್ತೆ ಸೊಸೆಯನ್ನು ಜೋಡಿ ಮಾಡಲೇಬೇಡಿ. ಆಟದ ತಿರುಳು ಮುಗಿದ ಮೇಲಿನ ಪ್ರಶ್ನೆಯಲ್ಲಿದೆ: "ಕುಣಿಸುವಾಗ ಹೆಂಗನಿಸ್ತು? ಕುಣಿಯುವಾಗ?" ಮಾತು ತಾನೇ ಹೊಲದತ್ತ ಹೊರಳುತ್ತದೆ.

ಆಮೇಲೆ ನಾಲ್ಕೈದು ಜನರ ಗುಂಪು ಮಾತಿಲ್ಲದೆ ಕೂಲಿ ಬಟವಾಡೆಯ ಚಿತ್ರವನ್ನು ಮೈಯಲ್ಲೇ ನಿಲ್ಲಿಸಲಿ. ಕೈ ಚಾಚಿದವಳ ಕಣ್ಣು ಎಲ್ಲಿದೆ? ನೋಟು ಎಣಿಸುವವನು ಕೂತಿದ್ದಾನೋ ನಿಂತಿದ್ದಾನೋ? ಈ ವಿವರಗಳಿಂದಲೇ ಏಳೆಂಟು ನಿಮಿಷದ ದೃಶ್ಯ ಕಟ್ಟಿ. ಹೆಣ್ಣಾಳು ಕೇಳುತ್ತಾಳೆ, ಸೋಲುತ್ತಾಳೆ, ಅಲ್ಲಿಗೇ ಮುಗಿಸಿ. ಗೆದ್ದ ಕತೆ ತೋರಿಸಿದರೆ ನೋಡುವವರಿಗೆ ಎದ್ದು ಬರಲು ಕಾರಣವೇ ಇರುವುದಿಲ್ಲ. ಇತ್ತೀಚೆಗೆ ಕೂಲಿ ಕಳೆದುಕೊಂಡವಳಿಗೆ ಅದೇ ಪಾತ್ರ ಕೊಡಬೇಡಿ, ಊರಿನ ನಿಜ ಸಾವ್ಕಾರನ ಹೆಸರನ್ನೂ ಎತ್ತಬೇಡಿ. ಮರುದಿನ ಕೆಲಸ ತಪ್ಪುವುದು ಆಕೆಗೇ.

ದೃಶ್ಯವನ್ನು ಎರಡನೇ ಸಲ ಆಡುವಾಗ ಯಾರಾದರೂ "ತಡೀರಿ" ಎಂದು ಕೂಗಿ ಹೆಣ್ಣಾಳಿನ ಜಾಗಕ್ಕೆ ಬರಬಹುದು. ಸಾವ್ಕಾರನ ಪಾತ್ರವನ್ನು ಮಾತ್ರ ಬದಲಿಸುವಂತಿಲ್ಲ, ಆತ ಒಳ್ಳೆಯವನಾಗಿಬಿಟ್ಟರೆ ಕತೆ ಅಲ್ಲೇ ಮುಗಿಯಿತು. ಆ ಪಾತ್ರಕ್ಕೆ ಜಗ್ಗದ ನಟನನ್ನು ಹಾಕಿ: "ಗಂಡಸು ಚೀಲ ಹೊರ್ತಾನ, ನೀ ಹೊರ್ತೀಯೇನ?"

ಬೋಆಲ್ 'ಜೋಕರ್' ಎಂದು ಕರೆದ ನಿರ್ವಾಹಕ ನಮ್ಮ ದೊಡ್ಡಾಟದ ಸಾರಥಿಯಂತೆ ಪಾತ್ರಕ್ಕೂ ಜನಕ್ಕೂ ನಡುವೆ ನಿಲ್ಲುತ್ತಾನೆ. ಆತ ಉತ್ತರ ಹೇಳಬಾರದು. ಒಬ್ಬಾಕೆ ಕೂಗಾಡಿ ಗೆದ್ದಳೆನ್ನಿ, ಆತ ಜನರನ್ನೇ ಕೇಳಬೇಕು: "ನಮ್ಮೂರಾಗ ಹಿಂಗ ಆಗ್ತೈತೇನ್ರಿ?" ಮೊದಲ ಕೈ ಏಳಲು ಎರಡು ನಿಮಿಷ ಹಿಡಿದೀತು. ಹೊಸ ಸಾರಥಿಗಳು ಎಡವುವುದು ಇಲ್ಲೇ: ಆ ಮೌನ ತಾಳಲಾರದೆ ತಾವೇ ಭಾಷಣಕ್ಕೆ ಇಳಿಯುತ್ತಾರೆ. ಸಮಾನ ವೇತನದ ಕಾನೂನಿನ ಮಾತೂ ಯಾರಾದರೂ ಕೇಳಿದ ಮೇಲೆಯೇ ಬರಲಿ.

ಐದಾರು ಮಂದಿ ಬಂದು ಆಡಿದರೆ ಧಾರಾಳವಾಯಿತು. ಪ್ರತಿ ಉಪಾಯವನ್ನೂ ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಏಳುವ ಮುನ್ನ ಅದನ್ನು ಗಟ್ಟಿಯಾಗಿ ಓದಿ, ಮುಂದಿನ ಬಟವಾಡೆಗೆ ಯಾರ ಜೊತೆ ಯಾರು ಹೋಗಿ ಕೇಳುತ್ತಾರೆಂದು ಎದುರಿಗೇ ಹೆಸರು ಹಾಕಿಸಿ. ಒಬ್ಬಳದೇ ಹೆಸರಿದ್ದರೆ ಹೊಡೆದು ಹಾಕಿ, ಕನಿಷ್ಠ ನಾಲ್ವರು ಬೇಕು.