ಸೋಫಾಗೂ ಮೊದಲು ಹಳೇ ಪೇಪರ್ ಹಾಸಿ

ಹೊಸ ಮನೆಯ ಬೀಗದಕೈ ಸಿಕ್ಕಿದ ದಿನ ನಾನು ಜೊತೆಗೆ ಒಯ್ಯುವುದು ನಾಲ್ಕೇ ವಸ್ತು: ಅಳತೆ ಟೇಪು, ಪೆನ್ಸಿಲ್ಲು, ಒಂದು ಕಟ್ಟು ಹಳೇ ಪೇಪರ್, ಅಂಟುಟೇಪು. ಹನ್ನೊಂದು ವರ್ಷದಲ್ಲಿ ನಾವು ನಾಲ್ಕು ಮನೆ ಕಂಡಿದ್ದೇವೆ. ಮೊದಲ ಎರಡು ಸಲ ಸಾಮಾನು ಕೊಂಡು ತಂದು, ಆಮೇಲೆ ಅದಕ್ಕೆ ಜಾಗ ಹುಡುಕಿದೆವು. ಆ ಎರಡೂ ಮನೆಗಳಲ್ಲಿ ಸಾಮಾನಿಗೆ ಜಾಗ ಸಿಕ್ಕಿತು, ನಮಗೆ ಸಿಗಲಿಲ್ಲ. ಈಗಿನ ಮನೆಗೆ ಬಂದಾಗ ಕ್ರಮವನ್ನೇ ತಿರುಗಿಸಿದೆ. ಯಾರು ಎಲ್ಲಿ ಕೂರುತ್ತಾರೆ, ಯಾವ ದಾರಿಯಲ್ಲಿ ಓಡಾಡುತ್ತಾರೆ, ಯಾರ ಕೈ ಯಾವ ಕಪಾಟಿಗೆ ಹೋಗುತ್ತದೆ ಅಂತ ನೋಡಿಕೊಂಡ ಮೇಲೆಯೇ ಕೊಂಡಿದ್ದು, ಜೋಡಿಸಿದ್ದು. ಹಾಲ್ ಮತ್ತು ಅಡುಗೆಮನೆಗೆ ಈ ಕ್ರಮ ಬಹಳ ಮುಖ್ಯ. ಮನೆಯಲ್ಲಿ ಎಚ್ಚರವಾಗಿರುವ ಹೊತ್ತನ್ನೆಲ್ಲ ನಾವು ಕಳೆಯುವುದು ಅಲ್ಲೇ.

ನಮ್ಮ ಮನೆಯಲ್ಲಿ ಐದು ಜನ. ಅತ್ತೆಗೆ ಮಂಡಿನೋವು, ತಗ್ಗಿನ ಸೀಟಿನಿಂದ ಏಳಲಾರರು. ಮಗಳು ಎಡಗೈಯಲ್ಲೇ ಎಲ್ಲ ಕೆಲಸ ಮಾಡುವವಳು. ಮಗನಿಗೆ ಆರು ವರ್ಷ, ನಡೆಯುವುದು ಗೊತ್ತಿಲ್ಲ, ಓಡುವುದೊಂದೇ ಗೊತ್ತು. ನೀವೂ ಮೊದಲು ಹೀಗೆ ನಿಮ್ಮ ಮನೆಯವರ ಪಟ್ಟಿ ಮಾಡಿಕೊಳ್ಳಿ. ಮುಂದೆ ಅಳೆಯುವ ಪ್ರತಿಯೊಂದು ಇಂಚೂ ಇವರಲ್ಲಿ ಯಾರೋ ಒಬ್ಬರ ಮೈಯಳತೆಯಿಂದಲೇ ಬರಬೇಕು.

ಹಾಲ್‌ನಿಂದ ಶುರು ಮಾಡಿ. ಮನಸ್ಸಿನಲ್ಲಿರುವ ಸೋಫಾದ ಉದ್ದ ಅಗಲ ಬರೆದುಕೊಂಡು, ಅಷ್ಟೇ ಅಳತೆಗೆ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿ. ನಾನು 84 ಇಂಚು ಉದ್ದ, 36 ಇಂಚು ಅಗಲದ ಪೇಪರ್ ಸೋಫಾ ಹಾಸಿದೆ. ಅದರ ಮುಂದೆ ಟೀಪಾಯಿ, ಪಕ್ಕದಲ್ಲಿ ಅತ್ತೆಯ ಕುರ್ಚಿ, ಎದುರು ಗೋಡೆಗೆ ಟಿವಿಯ ಚೌಕ. ಸೋಫಾಗೂ ಟೀಪಾಯಿಗೂ ನಡುವೆ 16ರಿಂದ 18 ಇಂಚು ಬಿಟ್ಟರೆ ಕಾಲು ಚಾಚಬಹುದು, ಕೂತಲ್ಲಿಂದಲೇ ಲೋಟವೂ ಎಟುಕುತ್ತದೆ. ಜನ ಹಾಯುವ ದಾರಿಗೆ 36 ಇಂಚಾದರೂ ಬೇಕು. ಇದಿಷ್ಟು ಹಾಸಿ ಎರಡು ದಿನ ಹಾಗೇ ಬಿಟ್ಟೆವು.

ಮೊದಲ ದಿನ ಸಂಜೆಯೇ ಪೇಪರ್ ಸೋಫಾದ ಎಡತುದಿ ಹರಿದುಹೋಗಿತ್ತು. ಮತ್ತೆ ಅಂಟಿಸಿದೆ. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಹರಿದಿತ್ತು, ಮೇಲೆ ಮಗನ ಚಪ್ಪಲಿ ಗುರುತು ಬೇರೆ. ಬಾಗಿಲಿನಿಂದ ಅಡುಗೆಮನೆಗೆ ಅವನ ದಾರಿ ಇದ್ದದ್ದೇ ಅಲ್ಲಿ. ಮರದ ಸೋಫಾ ತಂದು ಇಟ್ಟಿದ್ದರೆ ಆ ಮೂಲೆ ಅವನ ಹಣೆಗೋ ಮೊಣಕಾಲಿಗೋ ದಿನಾ ಬಡಿಯುತ್ತಿತ್ತು. ಪೇಪರನ್ನು ಒಂದೂವರೆ ಅಡಿ ಬಲಕ್ಕೆ ಸರಿಸಿದೆ. ಮೂರನೇ ದಿನ ಪೇಪರ್ ಹರಿಯಲಿಲ್ಲ. ಸೋಫಾ ಇವತ್ತಿಗೂ ಅಲ್ಲೇ ಇದೆ.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ಅಳತೆ ತೆಗೆದುಕೊಳ್ಳಲೇಬೇಕು: ಮನೆ ಬಾಗಿಲು, ಮೆಟ್ಟಿಲ ತಿರುವು, ಲಿಫ್ಟಿನ ಒಳಗಿನ ಎತ್ತರ. ಎರಡನೇ ಮನೆಗೆ ನಾವು ಕೊಂಡ ಸೋಫಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಎರಡು ಗಂಟೆ ಎಳೆದಾಡಿ, ಗೋಡೆಯ ಬಣ್ಣ ಕೆರೆದು, ಕೊನೆಗೆ ವಾಪಸ್ಸು ಕಳಿಸಿದೆವು. ಹೋಗಿಬರುವ ಸಾಗಣೆ ಖರ್ಚನ್ನು ಅಂಗಡಿಯವರು ನಮ್ಮ ತಲೆಗೇ ಹಾಕಿದರು. ಆ ಸಂಕಟ ನಿಮಗೆ ಬೇಡ. ಅಂಗಡಿಯಲ್ಲಿ ಸೋಫಾದ ಬೆನ್ನಿನ ತುತ್ತತುದಿಯಿಂದ ಕೈ ಇಡುವ ಭಾಗದ ಮುಂತುದಿಗೆ ಒಂದು ಉದ್ದ ಕೋಲನ್ನು ಓರೆಯಾಗಿ ಇಡಿ. ಹಿಂಭಾಗದ ಕೆಳಮೂಲೆಯಿಂದ ಆ ಕೋಲಿಗೆ ನೇರವಾಗಿ ಎಷ್ಟು ದೂರ ಅಂತ ಅಳೆಯಿರಿ. ಸೋಫಾವನ್ನು ಓರೆ ಮಾಡಿ ನುಗ್ಗಿಸುವಾಗ ಬಾಗಿಲಿಗೆ ತಾಗುವುದು ಈ ಅಳತೆಯೇ. ಬಾಗಿಲಿನ ಅಗಲಕ್ಕಿಂತ ಇದು ಕಡಿಮೆ ಇದ್ದರೆ ಒಳಗೆ ಬರುತ್ತದೆ. ಬಾಗಿಲಿನ ಅಗಲವನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಅಳೆಯಬೇಡಿ. ಬಾಗಿಲು ತೆರೆದಿಟ್ಟು, ಅದರ ದಪ್ಪ ಕಳೆದು ಉಳಿಯುವ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಅತ್ತೆಯ ಕುರ್ಚಿಗೆ ಸೋಫಾಗಿಂತ ಹೆಚ್ಚು ಹೊತ್ತು ಕೊಟ್ಟೆ. ನೆಲದಿಂದ ಅವರ ಮಂಡಿಯ ಹಿಂಬದಿಗೆ 17 ಇಂಚು. ಅದಕ್ಕಿಂತ ಒಂದು ಇಂಚು ಎತ್ತರದ ಸೀಟು, ಕೂತರೆ ತಗ್ಗಿಹೋಗದ ಗಟ್ಟಿ ಸ್ಪಂಜು, ಎರಡೂ ಕಡೆ ಊರಿ ಏಳಲು ಕೈಗಳು. ಸೀಟು ಮಂಡಿಗಿಂತ ತಗ್ಗಿದ್ದಷ್ಟೂ ಏಳುವಾಗ ಭಾರವೆಲ್ಲ ಮಂಡಿಯ ಮೇಲೆಯೇ ಬೀಳುತ್ತದೆ. ಅಂಗಡಿಯಲ್ಲಿ ಅವರನ್ನೇ ಕೂರಿಸಿ, ಐದು ಸಲ ಎದ್ದು ಕೂತು ನೋಡಲು ಹೇಳಿದೆ. “ಇದು ಸಾಕಮ್ಮ, ಇದರಲ್ಲಿ ನಿನ್ನ ಕೈ ಹಿಡಿಯೋದು ಬೇಕಾಗಲ್ಲ” ಅಂದರು. ಅದನ್ನೇ ತಂದೆವು.

ಟಿವಿಗೆ ಒಂದು ಸುಲಭ ಲೆಕ್ಕವಿದೆ. ಪರದೆಯ ಕರ್ಣದ ಅಳತೆಗೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ದೂರದಲ್ಲಿ ಕೂತರೆ ಕಣ್ಣಿಗೆ ಹಿತ. 43 ಇಂಚಿನ ಟಿವಿಗೆ ಐದೂಮುಕ್ಕಾಲು ಅಡಿ, 55 ಇಂಚಿನದಕ್ಕೆ ಏಳೂಕಾಲು ಅಡಿ ಆಸುಪಾಸು. ಕೂತಾಗ ನಿಮ್ಮ ಕಣ್ಣಿನ ಮಟ್ಟ ಪರದೆಯ ಮಧ್ಯಕ್ಕೆ ಬರಲಿ. ಗೋಡೆಯ ಮೇಲೆ ಎತ್ತರಕ್ಕೆ ತೂಗುಹಾಕಿದರೆ ನೋಡಲು ಚೆಂದ, ಆದರೆ ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಕಿಟಕಿಗೆ ಎದುರಾಗಿಯೂ ಬೇಡ, ಹಗಲೆಲ್ಲ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಕಾರ್ಪೆಟ್ ಹಾಕುವುದಾದರೆ ಸೋಫಾದ ಮುಂಗಾಲುಗಳಾದರೂ ಅದರ ಮೇಲೆ ಬರುವಷ್ಟು ದೊಡ್ಡದನ್ನೇ ಕೊಳ್ಳಿ. ಚಿಕ್ಕದು ಕಾಲಿಗೆ ತೊಡರುತ್ತದೆ.

ಎತ್ತರದ ಪುಸ್ತಕದ ಕಪಾಟು, ಡ್ರಾಯರ್ ಇರುವ ಬೀರು, ಟಿವಿ ಇವುಗಳನ್ನು ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿಯಿರಿ. ಇದನ್ನು ನಾಳೆಗೆ ಬಿಡಬೇಡಿ. ಮಕ್ಕಳು ಡ್ರಾಯರ್‌ಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಎರಡು ಡ್ರಾಯರ್ ಒಟ್ಟಿಗೆ ಹೊರಗೆ ಬಂದರೆ ಭಾರ ಮುಂದಕ್ಕೆ ವಾಲಿ ಇಡೀ ಬೀರು ಮಗುವಿನ ಮೇಲೆ ಬೀಳುತ್ತದೆ. ಪೀಠೋಪಕರಣ ಬಂದ ದಿನವೇ, ಒಂದು ವಸ್ತುವನ್ನೂ ಅದರೊಳಗೆ ಇಡುವ ಮುಂಚೆ, ಬಡಗಿಯನ್ನು ನಿಲ್ಲಿಸಿಕೊಂಡು ನಾನು ಈ ಕೆಲಸ ಮುಗಿಸಿದೆ.

ಹೊಸ ಕಪಾಟುಗಳ ಘಾಟಿನ ಬಗ್ಗೆಯೂ ಒಂದು ಮಾತು. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಕಣ್ಣುರಿ, ಗಂಟಲು ಕೆರೆತ ಬರುವುದು ಅದರಿಂದಲೇ. ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು, ಕಿಟಕಿ ತೆಗೆದು, ಫ್ಯಾನ್ ಹಾಕಿ ಕೆಲವು ವಾರ ಗಾಳಿಯಾಡಿಸಿ. ಆ ಘಾಟು ಇಳಿಯುವವರೆಗೆ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ.

ಇನ್ನು ಅಡುಗೆಮನೆ. ಇಲ್ಲಿ ನಾನು ಮೊದಲು ಅಳೆಯುವುದು ಮೊಣಕೈ. ನೇರವಾಗಿ ನಿಂತು ಮೊಣಕೈ ಮಡಿಸಿ, ನೆಲದಿಂದ ಅಲ್ಲಿಗೆ ಎಷ್ಟು ಅಂತ ನೋಡಿ. ಅದಕ್ಕಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಇದ್ದರೆ ಹೆಚ್ಚುವಾಗ ಭುಜ ಏರುವುದಿಲ್ಲ, ಸೊಂಟ ಬಗ್ಗುವುದಿಲ್ಲ. ನನ್ನ ಮೊಣಕೈ 40 ಇಂಚಿಗೆ ಬರುತ್ತದೆ, ಅತ್ತೆಯದು 36ಕ್ಕೆ. ಕಟ್ಟೆ ಮೊದಲೇ 35 ಇಂಚಿಗೆ ಕಟ್ಟಿಬಿಟ್ಟಿತ್ತು. ನನಗೆ ಸರಿ, ಅವರಿಗೆ ಎತ್ತರ. ಒಡೆದು ಕಟ್ಟಿಸುವ ಮಾತೇ ಇರಲಿಲ್ಲ. ಕಿಟಕಿ ಪಕ್ಕದಲ್ಲಿ 28 ಇಂಚು ಎತ್ತರದ ಗಟ್ಟಿ ಮೇಜು ಹಾಕಿ, ಕೂತು ಕೆಲಸ ಮಾಡುವಂತೆ ಕುರ್ಚಿ ಇಟ್ಟೆ. ಹೆಚ್ಚುವುದು, ಬಿಡಿಸುವುದು, ಆರಿಸುವುದು ಎಲ್ಲ ಈಗ ಅವರ ಮೇಜಿನ ಮೇಲೆ. ನಿಮ್ಮ ಮನೆಯಲ್ಲಿ ಯಾರಾದರೂ ಕಟ್ಟೆ ತಗ್ಗೆನಿಸುವಷ್ಟು ಎತ್ತರವಿದ್ದರೆ ಎರಡು ಇಂಚು ದಪ್ಪದ ಹೆಚ್ಚುಮಣೆ ಕೊಡಿ, ಬೆನ್ನು ಉಳಿಯುತ್ತದೆ. ಕಟ್ಟೆಯನ್ನು ಹೊಸದಾಗಿ ಕಟ್ಟಿಸುವವರು ಇನ್ನೊಂದು ನೆನಪಿಡಿ: ಒಲೆ ಇಡುವ ಭಾಗ ತುಸು ತಗ್ಗಿರಲಿ, ಏಕೆಂದರೆ ಒಲೆ ಮತ್ತು ಪಾತ್ರೆಯ ಎತ್ತರ ಅದಕ್ಕೆ ಸೇರುತ್ತದೆ. ಸಿಂಕಿನ ಭಾಗ ತುಸು ಎತ್ತರವಿರಲಿ, ಅಲ್ಲಿ ಕೈ ತೊಟ್ಟಿಯೊಳಗೆ ಇಳಿಯುತ್ತದೆ.

ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವೆಯೇ ಅಡುಗೆಯ ಬಹುಪಾಲು ಓಡಾಟ. ಒಂದರಿಂದ ಇನ್ನೊಂದಕ್ಕೆ ನಾಲ್ಕರಿಂದ ಒಂಬತ್ತು ಅಡಿ, ಮೂರೂ ಸೇರಿ 26 ಅಡಿ ಮೀರದಿರಲಿ. ಮೂರೂ ತೀರಾ ಹತ್ತಿರವಾದರೆ ನಡುವೆ ಪಾತ್ರೆ ಇಳಿಸಲೂ ಕಟ್ಟೆ ಉಳಿಯುವುದಿಲ್ಲ. ಒಬ್ಬರೇ ಕೆಲಸ ಮಾಡುವ ಅಡುಗೆಮನೆಯ ನಡುದಾರಿಗೆ 42 ಇಂಚು ಸಾಕು, ಇಬ್ಬರಿದ್ದರೆ 48 ಬೇಕು. ಅಡುಗೆಮನೆ ಚಿಕ್ಕದೆಂದು ಕೊರಗುವವರಿಗೆ ನಾನು 1926ರ ಫ್ರಾಂಕ್‌ಫರ್ಟ್ ಅಡುಗೆಮನೆಯ ವಿಷಯ ಹೇಳುತ್ತೇನೆ. ಮಾರ್ಗರೆಟೆ ಶುಟೆ ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ರೈಲಿನ ಊಟದ ಬೋಗಿಯ ಅಡುಗೆಮನೆ ನೋಡಿಕೊಂಡು ಅದನ್ನು ರೂಪಿಸಿದರು. ಸುಮಾರು ಆರೂಕಾಲು ಅಡಿ ಅಗಲ, ಹನ್ನೊಂದೂಕಾಲು ಅಡಿ ಉದ್ದ, ಅಷ್ಟೇ. ದಿನಸಿಗೆ ಸಾಲಾಗಿ ಅಲ್ಯೂಮಿನಿಯಂ ಡಬ್ಬಿಗಳು. ಎಳೆದು ತೆಗೆದು, ಬಾಯಿಯಿಂದ ನೇರ ಪಾತ್ರೆಗೆ ಸುರಿಯಬಹುದು. ಕೂತು ಕೆಲಸ ಮಾಡಲು ಕಿಟಕಿ ಕೆಳಗೆ ಮೇಜು ಮತ್ತು ಸ್ಟೂಲು. ಅತ್ತೆಯ ಮೇಜನ್ನು ಕಿಟಕಿ ಪಕ್ಕ ಹಾಕುವ ಯೋಚನೆ ನನಗೆ ಬಂದದ್ದು ಆ ಚಿತ್ರ ನೋಡಿಯೇ.

ಈಗ ಜೋಡಿಸುವ ಕೆಲಸ. ಪೆಟ್ಟಿಗೆ ಬಿಚ್ಚಿದ ಕೂಡಲೇ ಕಪಾಟಿಗೆ ತುಂಬಬೇಡಿ. ಮೊದಲು ಖಾಲಿ ಕಪಾಟು, ಡ್ರಾಯರ್‌ಗಳ ಮೇಲೆಲ್ಲ ಚೀಟಿ ಅಂಟಿಸಿ: ಲೋಟ, ತಟ್ಟೆ, ಚಾಕು, ಬಾಣಲೆ, ಒರೆಸುವ ಬಟ್ಟೆ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಆಮೇಲೆ ಮನೆಯವರನ್ನು ಒಬ್ಬೊಬ್ಬರಾಗಿ ಕರೆದು, ಚೀಟಿ ಓದಲು ಬಿಡದೆ, “ನೀರು ಕುಡಿಯಲು ಲೋಟ ತಗೋ” ಅನ್ನಿ. ಕೈ ಯಾವ ಬಾಗಿಲಿಗೆ ಹೋಗುತ್ತದೆ ನೋಡಿ. ನಾನು ಲೋಟಗಳಿಗೆ ಒಲೆಯ ಮೇಲಿನ ಕಪಾಟು ಅಂದುಕೊಂಡಿದ್ದೆ. ನಾಲ್ವರಲ್ಲಿ ಮೂವರ ಕೈ ಸಿಂಕಿನ ಪಕ್ಕದ ಕಪಾಟಿಗೆ ಹೋಯಿತು. ಮಗ ಕೆಳಗಿನ ಡ್ರಾಯರ್ ಎಳೆದ, ಅವನಿಗೆ ಎಟುಕುವುದೇ ಅದು. ಲೋಟದ ಚೀಟಿ ಸಿಂಕಿನ ಪಕ್ಕಕ್ಕೆ ಹೋಯಿತು, ಮಗನ ಎರಡು ಸ್ಟೀಲ್ ಲೋಟಗಳು ಕೆಳಗಿನ ಡ್ರಾಯರಿಗೆ. ಅಂದಿನಿಂದ ಅವನು ನೀರಿಗಾಗಿ ಸ್ಟೂಲ್ ಹತ್ತಿಲ್ಲ. ಮಗಳು ಸಿಂಕಿನ ಬಲಕ್ಕೆ ನಿಂತು, ಎಡಗೈಯಲ್ಲಿ ಚಾಕು ಹಿಡಿದು ಹೆಚ್ಚುತ್ತಾಳೆ. ಹಾಗಾಗಿ ಅವಳ ಹೆಚ್ಚುಮಣೆ, ಚಾಕು ಎರಡೂ ಆ ಕಡೆಗೇ ಬಂದವು.

ಜೋಡಿಸುವಾಗ ಭಾರದ ಪಾತ್ರೆಗಳಿಗೆ ಮಂಡಿಯಿಂದ ಭುಜದವರೆಗಿನ ಎತ್ತರ ಕೊಡಿ. ತಲೆಯ ಮೇಲಿನ ಕಪಾಟಿಗೆ ಹಗುರದ್ದು, ಅಪರೂಪಕ್ಕೆ ಬೇಕಾಗುವುದು. ಕೆಳಭಾಗಕ್ಕೆ ಬಾಗಿಲಿನ ಕಪಾಟಿಗಿಂತ ಪೂರ್ತಿ ಹೊರಗೆ ಬರುವ ಡ್ರಾಯರ್ ಹಾಕಿಸಲು ಸಾಧ್ಯವಾದರೆ ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ; ಹಿಂದಿನ ಪಾತ್ರೆಗಾಗಿ ಕುಕ್ಕರಗಾಲಲ್ಲಿ ಕೂತು ತಡಕಾಡುವುದು ತಪ್ಪುತ್ತದೆ. ಮೂಲೆಯಲ್ಲಿ ಎರಡು ಡ್ರಾಯರ್ ಎದುರುಬದುರಾದರೆ ಹಿಡಿಗಳು ಒಂದಕ್ಕೊಂದು ಬಡಿಯುತ್ತವೆ. ಬಡಗಿ ಹಿಡಿ ಕೂರಿಸುವ ಮುಂಚೆ ಎಳೆದು ನೋಡಿ. ಶುಚಿ ಮಾಡುವ ದ್ರಾವಣಗಳನ್ನು ಸಿಂಕಿನ ಕೆಳಗೆ ಇಡುವ ರೂಢಿ ಎಲ್ಲರಿಗೂ ಇದೆ. ಚಿಕ್ಕ ಮಕ್ಕಳಿದ್ದರೆ ಬೇಡ, ಬೀಗ ಹಾಕುವ ಎತ್ತರದ ಕಪಾಟಿಗೆ ಏರಿಸಿ.

ಬೆಳಕಿನ ತಪ್ಪು ಬಹಳ ಮನೆಗಳಲ್ಲಿ ಕಾಣುತ್ತದೆ. ಅಡುಗೆಮನೆ ನಡುವಿನ ಒಂದೇ ದೀಪ ನಿಮ್ಮ ಬೆನ್ನ ಹಿಂದಿರುತ್ತದೆ, ನಿಮ್ಮದೇ ನೆರಳು ಹೆಚ್ಚುಮಣೆಯ ಮೇಲೆ, ಚಾಕುವಿನ ಅಂಚಿನ ಮೇಲೆ ಬೀಳುತ್ತದೆ. ಮೇಲಿನ ಕಪಾಟಿನ ತಳಕ್ಕೆ, ಗೋಡೆಯ ಕಡೆಗಲ್ಲ, ಮುಂದಿನ ಅಂಚಿಗೆ ಎಲ್‌ಇಡಿ ಪಟ್ಟಿ ಅಂಟಿಸಿ. ಕಟ್ಟೆಗೆ 4000 ಕೆಲ್ವಿನ್‌ನ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕು ಸರಿ. ಹಾಲ್‌ಗೆ 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕು, ಅದೂ ಒಂದೇ ದೊಡ್ಡ ದೀಪದ ಬದಲು ಮೂಲೆಗಳಲ್ಲಿ ಎರಡು ಮೂರು ಚಿಕ್ಕವು. ಡಬ್ಬದ ಮೇಲೆ ಈ ಸಂಖ್ಯೆ ಬರೆದಿರುತ್ತದೆ, ಓದಿ ಕೊಳ್ಳಿ.

ಸಾಗಿಸುವಾಗ ಫ್ರಿಜ್ ಮಲಗಿಸಿದ್ದರೆ ತಂದ ಕೂಡಲೇ ಸ್ವಿಚ್ ಹಾಕಬೇಡಿ. ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ, ಅದು ಇಳಿಯುವವರೆಗೆ ಕೆಲವು ಗಂಟೆ ನಿಲ್ಲಿಸಿಡಿ. ಹಿಂದೆ, ಪಕ್ಕದಲ್ಲಿ ಗಾಳಿಯಾಡಲು ಕೈಪಿಡಿ ಹೇಳಿದಷ್ಟು ಜಾಗ ಬಿಡಿ. ಒಳಗೆ 4 ಡಿಗ್ರಿ ಸೆಲ್ಸಿಯಸ್, ಫ್ರೀಜರ್‌ನಲ್ಲಿ ಮೈನಸ್ 18. ಫ್ರಿಜ್, ಮೈಕ್ರೋವೇವ್ ಎರಡಕ್ಕೂ ಗೋಡೆಯ ಪ್ಲಗ್ಗೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಬೆಂಕಿ ನಂದಿಸುವ ಸಿಲಿಂಡರನ್ನು ಒಲೆಯ ಪಕ್ಕ ತೂಗುಹಾಕಬೇಡಿ, ಬೆಂಕಿ ಹತ್ತಿದಾಗ ಅಲ್ಲಿಗೆ ಕೈ ಹಾಕಲಾಗದು. ಅಡುಗೆಮನೆಯಿಂದ ಹೊರಹೋಗುವ ಬಾಗಿಲ ಹತ್ತಿರ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು: ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಮುಚ್ಚಬೇಕು. ಹಾಗಾಗಿ ಬಾಣಲೆಯ ಮುಚ್ಚಳ ಒಲೆಯ ಬದಿಯಲ್ಲೇ, ಕೈಗೆ ಸಿಗುವಂತೆ ಇರಲಿ. ನಮ್ಮಲ್ಲಿ ಅದಕ್ಕೊಂದು ಮೊಳೆ ಹೊಡೆದಿದ್ದೇನೆ.

ಚೀಟಿಗಳನ್ನು ಆರು ವಾರ ಕೀಳಬೇಡಿ. ವಾರಕ್ಕೊಮ್ಮೆ ಸುತ್ತು ಹಾಕಿ, ಯಾವ ವಸ್ತು ಪದೇ ಪದೇ ಕಟ್ಟೆಯ ಮೇಲೇ ಉಳಿಯುತ್ತಿದೆ ನೋಡಿ. ಅದರ ಜಾಗ ಸರಿಯಿಲ್ಲ ಅಂತಲೇ ಅರ್ಥ, ಚೀಟಿ ಬದಲಾಯಿಸಿ. ನಮ್ಮ ಮನೆಯಲ್ಲಿ ಹದಿನೇಳು ಚೀಟಿಗಳಲ್ಲಿ ಆರು ಜಾಗ ಬದಲಾಯಿಸಿದವು. ಒಂದು ಕಪಾಟು ಕೊನೆಗೂ ಖಾಲಿ ಉಳಿಯಿತು. ಅದಕ್ಕೆ ಅಂತ ನಾನು ಏನನ್ನೂ ಕೊಳ್ಳಲಿಲ್ಲ. ಅತ್ತೆ ಈಚೆಗೆ ತಮ್ಮ ಕನ್ನಡಕ, ಮಾತ್ರೆ ಡಬ್ಬಿ, ಓದುವ ಪುಸ್ತಕ ತಂದು ಅಲ್ಲಿ ಇಡಲು ಶುರು ಮಾಡಿದ್ದಾರೆ. ಮೇಜಿನಿಂದ ಕೈ ಚಾಚಿದರೆ ಸಿಗುತ್ತದೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ‘ಅಜ್ಜಿ’ ಅಂತ ಬರೆದು ಚೀಟಿ ಅಂಟಿಸಿದವಳು ಮಗಳು.