'ತಾಳ್ಮೆ' ಎಂಬ ಪದ ಬರೆಯದೆ ಪಾತ್ರವನ್ನು ಓದುವುದು ಹೇಗೆ

ಓದು ಬಳಗದಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮನ ಬಗ್ಗೆ ಮಾತು ಶುರುವಾದರೆ ಐದೇ ನಿಮಿಷಕ್ಕೆ 'ಪಾಪ' ಬರುತ್ತದೆ, ಹತ್ತನೇ ನಿಮಿಷಕ್ಕೆ 'ಎಷ್ಟು ಸಹಿಸಿಕೊಂಡ ನೋಡಿ' ಬರುತ್ತದೆ. ಆಮೇಲೆ ಮಾತು ಮುಂದೆ ಹೋಗುವುದಿಲ್ಲ, ಕಾಫಿ ಬರುತ್ತದೆ. ಸಹನೆ, ತಾಳ್ಮೆ, ಛಲ ಇವೆಲ್ಲ ಓದಿದ ಮೇಲೆ ನಾವು ಅಂಟಿಸುವ ಚೀಟಿಗಳು. ಪುಸ್ತಕದ ಒಳಗೆ ಇರುವುದು ಕೈ ಏನು ಮಾಡಿತು, ಬಾಯಿ ಏನು ಹೇಳಿತು, ಕೊನೆಗೆ ಕೈ ಬಿಟ್ಟು ಹೋದದ್ದೇನು ಅನ್ನುವುದು. ಕೆಳಗಿನ ಕ್ರಮ ಅದನ್ನು ಹಿಡಿಯುವುದಕ್ಕೆ. ನಾಲ್ಕು ವಾರ, ವಾರಕ್ಕೊಂದು ಸಲ, ಒಂದೂವರೆ ಗಂಟೆ ಸಾಕು.

ಮೊದಲು ಜನ ಮತ್ತು ಜಾಗ. ಆರರಿಂದ ಎಂಟು ಮಂದಿ ಇರಲಿ. ಹತ್ತು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಮುದ್ರಣ ಇರಬೇಕು. ಇಲ್ಲದಿದ್ದರೆ 'ನನ್ನ ಪುಸ್ತಕದಲ್ಲಿ ಅದು 43, ನಿಮ್ಮದರಲ್ಲಿ 51' ಅನ್ನುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಬೆಂಗಳೂರಿನಲ್ಲಾದರೆ ಗಾಂಧಿ ಬಜಾರಿನಲ್ಲೋ ಗಾಂಧಿನಗರದಲ್ಲೋ ಒಬ್ಬರೇ ಹೋಗಿ ಎಲ್ಲ ಪ್ರತಿಗಳನ್ನೂ ಒಟ್ಟಿಗೆ ತರುವುದು ಒಳ್ಳೆಯದು. ಕೂರಲು ಕಬ್ಬನ್ ಪಾರ್ಕ್ ಆದೀತು. ಕೇಂದ್ರ ಗ್ರಂಥಾಲಯ ಇರುವ ಕೆಂಪು ಕಟ್ಟಡದ ಆಸುಪಾಸಿನ ಮರಗಳ ಕೆಳಗೆ ಭಾನುವಾರ ಬೆಳಗ್ಗೆ ಒಂಬತ್ತರೊಳಗೆ ಹೋದರೆ ನೆರಳೂ ಸಿಗುತ್ತದೆ, ಪಕ್ಕದವರ ಮಾತೂ ಕೇಳಿಸುತ್ತದೆ. ಮೇ ತಿಂಗಳಿಂದಾಚೆಗೆ ಸಂಜೆ ಇಟ್ಟುಕೊಳ್ಳಬೇಡಿ, ಮಳೆ ಬಂದರೆ ಪುಸ್ತಕ ಮೊದಲು ನೆನೆಯುವುದು.

ಇನ್ನು ನೋಟ್‌ಬುಕ್. ಎರಡು ಎದುರು-ಬದುರು ಪುಟ ತೆರೆದು ನಾಲ್ಕು ಕಾಲಂ ಎಳೆಯಿರಿ: ಪುಟ ಸಂಖ್ಯೆ, ಏನಾಯಿತು, ಪಾತ್ರ ಏನು ಮಾಡಿತು, ಏನು ಹೋಯಿತು. ಗುಣವಾಚಕಗಳಿಗೆ ಕಾಲಂ ಇಲ್ಲ. ಮೂರನೆಯದರಲ್ಲಿ ಕ್ರಿಯಾಪದ ಮಾತ್ರ ಬರಬೇಕು: ಕುಡಿದ, ನಡೆದ, ಸುಮ್ಮನಿದ್ದ, ಬಾರಿಸಿದ. 'ನೊಂದುಕೊಂಡ' ಬರೆದಿದ್ದರೆ ಹೊಡೆದುಹಾಕಿ. ನೊಂದದ್ದು ಯಾವ ಸಾಲಿನಿಂದ ಗೊತ್ತಾಯಿತೋ ಆ ಸಾಲಿನಲ್ಲಿರುವ ಕೆಲಸವನ್ನು ಬರೆಯಿರಿ. ವಾರಕ್ಕೆ ನಲವತ್ತರಿಂದ ಐವತ್ತು ಪುಟ ಓದಿದರೆ ಹತ್ತು-ಹನ್ನೆರಡು ಸಾಲು ತುಂಬುತ್ತವೆ. ಇಪ್ಪತ್ತು ದಾಟಿದರೆ ನೀವು ಕಥೆಯ ಸಾರಾಂಶ ಬರೆಯುತ್ತಿದ್ದೀರಿ ಎಂದರ್ಥ.

ಕಷ್ಟದ ಪಾಠಕ್ಕೆ 1933ರ 'ಚೋಮನ ದುಡಿ'ಗಿಂತ ಒಳ್ಳೆಯ ಪುಸ್ತಕ ಸಿಗುವುದು ಕಷ್ಟ. ಸಣ್ಣದು, ಮುಗಿಸಬಹುದು. ಚೋಮನ ಹತ್ತಿರ ಎತ್ತುಗಳಿವೆ, ಬೇಸಾಯ ಮಾಡುವ ಆಸೆ ಇದೆ, ಜಾತಿಯ ಕಾರಣಕ್ಕೆ ಭೂಮಿ ಸಿಗುವುದಿಲ್ಲ. ಇಲ್ಲಿ ಎರಡು ವಸ್ತುಗಳಿಗೆ ಪೆನ್ಸಿಲ್ ಗುರುತು ಹಾಕುತ್ತಾ ಹೋಗಿ: ದುಡಿ (ಅವನು ಬಾರಿಸುವ ಚರ್ಮವಾದ್ಯ) ಮತ್ತು ಸಾಲ. ದುಡಿ ಬಂದ ಪ್ರತಿ ಜಾಗದಲ್ಲಿ ಅದರ ಹಿಂದಿನ ಅರ್ಧ ಪುಟಕ್ಕೆ ಹೋಗಿ, ಅಲ್ಲಿ ಏನಾಗಿತ್ತು ಎಂದು ಎರಡನೇ ಕಾಲಂನಲ್ಲಿ ಬರೆಯಿರಿ. ಯಾವ ಮಾತನ್ನು ಅವನು ಯಾರಿಗೂ ಹೇಳುವ ಹಾಗಿಲ್ಲವೋ ಅದು ಚರ್ಮದ ಮೇಲೆ ಬೀಳುತ್ತದೆ ಎಂದು ಆಗ ನಿಮಗೇ ಕಾಣುತ್ತದೆ. ಸಾಲ ಇನ್ನೂ ಒರಟು. ಎಸ್ಟೇಟಿನ ಸಾಲ ತೀರಿಸಲು ಮೊದಲು ಗಂಡು ಮಕ್ಕಳು ಹೋಗುತ್ತಾರೆ, ಆಮೇಲೆ ಮಗಳು ಬೆಳ್ಳಿ. ಯಾರು ಹೋದರು, ಏನಾಗಿ ವಾಪಸಾದರು ಅಥವಾ ಆಗಲಿಲ್ಲ, ಸಾಲದಲ್ಲಿ ಎಷ್ಟು ಇಳಿಯಿತು, ಇಷ್ಟನ್ನು ಒಂದು ಪ್ರತ್ಯೇಕ ಪುಟದಲ್ಲಿ ಅಂಗಡಿ ಲೆಕ್ಕದಂತೆ ಬರೆಯಿರಿ. 'ಪಾಪ' ಅನ್ನುವ ಪದ ಈ ಲೆಕ್ಕದ ಮುಂದೆ ತಾನಾಗಿಯೇ ಬಿದ್ದುಹೋಗುತ್ತದೆ.

ಚೋಮನ ಮಗ ನೀರಿನಲ್ಲಿ ಮುಳುಗುವ ಭಾಗವನ್ನು ಮನೆಯಲ್ಲಿ ಓದಿಸಬೇಡಿ, ಬಳಗದಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಆಮೇಲೆ ಒಂದೇ ಪ್ರಶ್ನೆ: ದಡದಲ್ಲಿ ಜನರಿದ್ದೂ ಯಾಕೆ ಎತ್ತಲಿಲ್ಲ, ಆ ಕಾರಣ ಯಾರ ಬಾಯಿಂದ ಬರುತ್ತದೆ?

ಈ 'ಯಾರ ಬಾಯಿಂದ' ಎಂಬುದೇ ಪೂರ್ವಗ್ರಹ ಓದುವ ಕೀಲಿ. ಎರಡನೇ ವಾರದಿಂದ ಐದನೇ ಕಾಲಂ ಸೇರಿಸಿ: ನಿಯಮ ಹೇಳಿದವರು ಯಾರು, ಯಾವ ದನಿಯಲ್ಲಿ. ಬಳಗಗಳು ಸಾಮಾನ್ಯವಾಗಿ ಒಬ್ಬ ಖಳನಾಯಕನನ್ನು ಹುಡುಕುತ್ತವೆ, ಸಿನಿಮಾ ನೋಡಿದ ಅಭ್ಯಾಸ ಅದು. ಧಣಿ ಸಂಕಪ್ಪಯ್ಯ ಆ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ. ಅವನ ಮನಸ್ಸು ಸ್ವಲ್ಪ ಸಡಿಲವಾದಾಗಲೂ ಮನೆಯಲ್ಲಿ ತಾಯಿಯ ಮಾತು ಅಡ್ಡ ಬರುತ್ತದೆ. ನಿಯಮ ಕೆಲವೊಮ್ಮೆ ಬೈಗುಳವಾಗಿ ಬರುತ್ತದೆ, ಕೆಲವೊಮ್ಮೆ ಶಾಸ್ತ್ರವಾಗಿ, ಬಹಳ ಸಲ 'ನಿನ್ನ ಒಳ್ಳೆಯದಕ್ಕೇ ಹೇಳ್ತಿದೀನಿ' ಎಂಬ ಕಾಳಜಿಯಾಗಿ. ಈ ಮೂರನೆಯದಕ್ಕೆ ಬೇರೆ ಬಣ್ಣದ ಪೆನ್ ಇಟ್ಟುಕೊಳ್ಳಿ. ಕಣ್ತಪ್ಪುವುದು ಅದೇ.

ಇಲ್ಲಿ ಎಡವುವ ಇನ್ನೊಂದು ಜಾಗ ಕಾಲ. 'ಪೊಲೀಸ್ ಕಂಪ್ಲೇಂಟ್ ಕೊಡಬಹುದಿತ್ತಲ್ಲ' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ಕಾದಂಬರಿ ಬಂದಾಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪುಸ್ತಕದ ಮೊದಲ ಬಿಳಿ ಹಾಳೆಯ ಮೇಲೆ ಇಂಥ ಎರಡು-ಮೂರು ಇಸವಿ ಬರೆದಿಟ್ಟರೆ ವಾದ ತಪ್ಪುತ್ತದೆ.

ಮೂರನೇ ವಾರಕ್ಕೆ ನೈತಿಕ ಸಂಘರ್ಷ. ಅದಕ್ಕೆ ಅಳತೆಗೋಲು ಹೊರಗಿಂದ ತರಬೇಕಿಲ್ಲ, ಹಳಗನ್ನಡದ ಕವಿ ಜನ್ನ 1209ರಲ್ಲೇ ಕೊಟ್ಟಿದ್ದಾನೆ. 'ಯಶೋಧರ ಚರಿತೆ'ಯಲ್ಲಿ ತಾಯಿ ಚಂದ್ರಮತಿ ಬಲಿ ಕೊಡು ಅನ್ನುತ್ತಾಳೆ, ಮಗನಿಗೆ ಕೊಲ್ಲಲು ಮನಸ್ಸಿಲ್ಲ. ತಾಯಿಯ ಮಾತೂ ಉಳಿಯಲಿ, ತನ್ನ ವ್ರತವೂ ಉಳಿಯಲಿ ಎಂದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಕೋಳಿ ಕೂಗುತ್ತದೆ. ಜೀವ ಇಲ್ಲದ್ದನ್ನು ಕಡಿದರೂ ಸಂಕಲ್ಪ ಹಿಂಸೆಯದೇ ಆದ್ದರಿಂದ ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತಿರುಗಬೇಕಾಗುತ್ತದೆ. ಯಾವ ಕಾದಂಬರಿಯಲ್ಲೇ ಆಗಲಿ, ಪಾತ್ರ ಇಕ್ಕಟ್ಟಿಗೆ ಸಿಕ್ಕಾಗ ಈ ಪ್ರಶ್ನೆ ಹಾಕಿ: ಇಲ್ಲಿ ಹಿಟ್ಟಿನ ಕೋಳಿ ಯಾವುದು? ಎರಡೂ ಕಡೆ ಒಳ್ಳೆಯವನಾಗಲು ಪಾತ್ರ ಕಂಡುಕೊಂಡ ನಡುದಾರಿ ಯಾವುದು, ಅದು ಯಾವಾಗ ಕೂಗಿತು?

ಅನಂತಮೂರ್ತಿಯವರ 1965ರ 'ಸಂಸ್ಕಾರ'ದ ಮೇಲೆ ಪ್ರಯೋಗಿಸಿ ನೋಡಿ. ದೂರ್ವಾಸಪುರದಲ್ಲಿ ಆಚಾರ ಮುರಿದು ಬದುಕಿದ ನಾರಣಪ್ಪ ಸತ್ತಿದ್ದಾನೆ, ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಹೆಣ ಬಿದ್ದಿದೆ, ಸುಡುವ ತನಕ ಅಗ್ರಹಾರ ಊಟ ಮಾಡುವಂತಿಲ್ಲ. ಅಂದರೆ ಹಸಿವೇ ಗಡಿಯಾರ. ಪ್ರತಿ ಹತ್ತು ಪುಟಕ್ಕೊಮ್ಮೆ ಹಸಿವು ಎಲ್ಲಿಗೆ ಬಂತು ಎಂದು ಅಂಚಿನಲ್ಲಿ ಗುರುತಿಸಿ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಚಿನ್ನ ತೆಗೆದಿಟ್ಟ ಪುಟದಲ್ಲಿ ಅಡ್ಡಗೆರೆ ಎಳೆದು, ಗೆರೆಗೆ ಮುಂಚೆ ಅಗ್ರಹಾರದ ಬ್ರಾಹ್ಮಣರಾದ ಗರುಡ ಮತ್ತು ಲಕ್ಷ್ಮಣ ಹೇಳಿದ್ದು, ಆಮೇಲೆ ಅವರೇ ಹೇಳಿದ್ದು, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಶಾಸ್ತ್ರ ಬದಲಾಗಿರುವುದಿಲ್ಲ, ಬಾಯಿ ಬದಲಾಗಿರುತ್ತದೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥ ನೋಡುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗುತ್ತಾರೆ, ಅಲ್ಲೂ ಸಿಗುವುದಿಲ್ಲ. ಬಳಗದ ಮಾತೆಲ್ಲ ಅವರ ಸುತ್ತಲೇ ಸುತ್ತುತ್ತದೆ, ಅದು ಈ ಪುಸ್ತಕದ ಓದಿನಲ್ಲಿ ಪ್ರತಿ ಸಲ ಆಗುವ ತಪ್ಪು. ಚಂದ್ರಿಯ ಕಾಲಂ ತೆಗೆದು ನೋಡಿ: ಅವಳು ಯಾರನ್ನೂ ಧರ್ಮಸೂಕ್ಷ್ಮ ಕೇಳುತ್ತಾ ಕೂರುವುದಿಲ್ಲ, ರಾತ್ರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣ ಸುಡಿಸುತ್ತಾಳೆ, ಹೊರಟುಹೋಗುತ್ತಾಳೆ. ಅಗ್ರಹಾರಕ್ಕೆ ಅದು ಗೊತ್ತೇ ಆಗುವುದಿಲ್ಲ.

ಬೇರೆ ಬಗೆಯ ತಾಳಿಕೆ ಬೇಕೆಂದರೆ ಎಂ.ಕೆ. ಇಂದಿರಾ ಅವರ 1976ರ 'ಫಣಿಯಮ್ಮ' ತೆಗೆದುಕೊಳ್ಳಿ. ಬಾಲವಿಧವೆ, ತನಗೆ ಹೇಳಿದ ಮಡಿಯನ್ನೆಲ್ಲ ಪಾಲಿಸಿದವಳು. ಪುಟವನ್ನು ಎರಡು ಭಾಗ ಮಾಡಿ: ತನ್ನ ವಿಷಯದಲ್ಲಿ ಒಪ್ಪಿದ್ದು ಎಡಕ್ಕೆ, ಇನ್ನೊಬ್ಬ ಹೆಂಗಸಿನ ವಿಷಯಕ್ಕೆ ಬಂದಾಗ ಒಪ್ಪದ್ದು ಬಲಕ್ಕೆ. ಬಲಭಾಗ ತುಂಬುವ ಮುಂಚೆ ಅವಳನ್ನು ಸಾಧ್ವಿ ಎಂದು ಕರೆದುಬಿಟ್ಟರೆ ಓದು ಅಲ್ಲಿಗೇ ನಿಂತಿತು.

ಭಾಷೆಯ ತೊಡಕಿಗೆ ಬೆಂಗಳೂರಿನಲ್ಲಿ ಮದ್ದಿದೆ. ಎಂಟು ಜನರಲ್ಲಿ ಒಬ್ಬರು ಕರಾವಳಿಯವರು, ಒಬ್ಬರು ಧಾರವಾಡದ ಕಡೆಯವರು, ಒಬ್ಬರು ನಂಜನಗೂಡಿನವರು ಇದ್ದೇ ಇರುತ್ತಾರೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ 'ಕುಸುಮಬಾಲೆ'ಯಂಥದ್ದನ್ನು ಕಣ್ಣಲ್ಲಿ ಓದಿ ಸೋತವರು ಆ ಸೀಮೆಯವರ ಬಾಯಲ್ಲಿ ಕೇಳಿದರೆ ಅರ್ಧ ತಾನೇ ತೆರೆದುಕೊಳ್ಳುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಓದಿಸಬೇಡಿ, ಕಿವಿ ದಣಿಯುತ್ತದೆ. ಸಿನಿಮಾ ಆದ ಪುಸ್ತಕವಾದರೆ ನಾಲ್ಕೂ ವಾರ ಮುಗಿಯುವ ತನಕ ಅದನ್ನು ನೋಡಬೇಡಿ. ನಟನ ಮುಖ ಒಮ್ಮೆ ಪಾತ್ರಕ್ಕೆ ಕೂತರೆ ಬಿಡಿಸುವುದು ಕಷ್ಟ. ಪರೀಕ್ಷೆ ಗೈಡುಗಳ ಮಾತು ಬೇಡವೇ ಬೇಡ.

ಕೊನೆಯ ವಾರ ಪ್ರತಿಯೊಬ್ಬರೂ ಒಂದು ಪಾತ್ರದ ಬಗ್ಗೆ ಮುನ್ನೂರು ಪದ ಬರೆದು ತರಲಿ. ತಾಳ್ಮೆ, ಸಹನೆ, ಪಾಪ, ಆದರ್ಶ, ಶೋಷಣೆ ಈ ಐದು ಪದಗಳಿಗೆ ನಿಷೇಧ. ಮೂರಾದರೂ ಪುಟ ಸಂಖ್ಯೆ ಇರಬೇಕು. ಪಕ್ಕದವರ ಜೊತೆ ಬದಲಿಸಿಕೊಂಡು ಪೆನ್ಸಿಲ್ ಹಿಡಿದು ಓದಿ: ಯಾವ ವಾಕ್ಯವನ್ನು ಬೇರೆ ಯಾವ ಪಾತ್ರಕ್ಕೂ ಹೊಂದಿಸಬಹುದೋ ಅದರ ಕೆಳಗೆ ಗೆರೆ. ಮೊದಲ ಸಲ ಅರ್ಧ ಹಾಳೆ ಗೆರೆಯೇ ಇರುತ್ತದೆ. 'ಚೋಮ ಕೊನೆವರೆಗೂ ಹೋರಾಡಿದ' ಅಂದಲ್ಲಿ ಗೆರೆ ಬೀಳುತ್ತದೆ. 'ಚೋಮ ಎತ್ತುಗಳನ್ನು ಕಾಡಿಗೆ ಅಟ್ಟಿ, ಒಳಗೆ ಬಂದು ದುಡಿ ಹಿಡಿದ' ಅಂದಲ್ಲಿ ಬೀಳುವುದಿಲ್ಲ.